ಪಟ್ಟಿಯಲ್ಲಿ ಉಳಿದುಹೋದ ಹೆಸರು

ಶಿರಂಗಾಲದ ಹತ್ತಿರ ಕಾವೇರಿ ಕೊಡಗಿನ ಗಡಿ ದಾಟುತ್ತಾಳೆ. ಮಳೆಗಾಲದಲ್ಲಿ ಹೊಳೆ ಏರಿದರೆ ಊರವರ ಫೋನಿಗೆ ಒಂದು ಸಂದೇಶ ಕಳಿಸೋಣ ಎಂದು ನಾವು ಮೂವರು ಪಟ್ಟಿ ಮಾಡಿಕೊಂಡಿದ್ದೆವು. ಮನೆ ಮನೆಗೆ ಹೋಗಿ ಬರೆದುಕೊಂಡ ನಂಬರುಗಳು. ಹಾಗಾಗಿ ಒಂದೇ ಮನೆಯವರು ಪಟ್ಟಿಯಲ್ಲೂ ಒಬ್ಬರ ಕೆಳಗೊಬ್ಬರು ಇದ್ದರು. ಎಡವಟ್ಟಾಗಿದ್ದು ಇಲ್ಲೇ.

ಊರು ಬಿಟ್ಟವರು, ಬೇಡ ಎಂದವರು, ತೀರಿಕೊಂಡವರ ಹೆಸರಿಗೆ ಗುರುತು ಹಾಕಿ, ತೆಗೆಯುವ ಕೆಲಸವನ್ನು ಪೈಥಾನ್‌ನಲ್ಲಿ ಬರೆದ ನಾಲ್ಕು ಸಾಲಿನ ಪ್ರೋಗ್ರಾಮಿಗೆ ಬಿಟ್ಟೆವು. ಒಬ್ಬೊಬ್ಬರನ್ನೇ ನೋಡು, ಗುರುತಿದ್ದರೆ ಅಳಿಸು, ಅಷ್ಟೇ. ಓಡಿತು. ಒಂದು ಎರರ್ ಕೂಡ ಬರಲಿಲ್ಲ.

ಮರುವಾರ ಒಬ್ಬರು ಅಕ್ಕ ಫೋನ್ ಮಾಡಿದರು. ಅವರ ಅತ್ತೆ, ಮಾವ ಇಬ್ಬರೂ ಅದೇ ವರ್ಷ ಹೋಗಿದ್ದರು. "ಮಾವನ ನಂಬರಿಗೆ ಏನೂ ಬಂದಿಲ್ಲ. ಅತ್ತೆ ಹೆಸರು ಹಾಕಿ ನಮಸ್ಕಾರ ಅಂತ ಬಂದಿದೆ. ಆ ಫೋನು ಈಗ ನನ್ನ ಮಗನ ಹತ್ರ ಇದೆ. ಅಜ್ಜಿ ಹೆಸರು ನೋಡಿ ಅತ್ತುಬಿಟ್ಟ" ಎಂದರು. ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಗುರುತು ಹಾಕಲು ಮರೆತೆವೇನೋ ಎಂದು ಪುಸ್ತಕ ತೆರೆದರೆ ಇಬ್ಬರಿಗೂ ಗುರುತಿತ್ತು. ಹುಡುಕಿದಾಗ ಇನ್ನೂ ಕೆಲವರು ಸಿಕ್ಕರು. ಎಲ್ಲರೂ ಅಳಿಸಿದ ಹೆಸರಿನ ಸರೀ ಕೆಳಗಿದ್ದವರು.

ನ್ಯಾಯಬೆಲೆ ಅಂಗಡಿಯ ಸಾಲು ನೆನೆದುಕೊಳ್ಳಿ. ಕಂಪ್ಯೂಟರು ಮುಖ ನೋಡಿ ಕರೆಯುವುದಿಲ್ಲ, ಜಾಗ ಎಣಿಸಿ ಕರೆಯುತ್ತದೆ. ಮೂರನೇ ಜಾಗದವರನ್ನು ಸಾಲಿನಿಂದ ತೆಗೆದ ಕೂಡಲೇ ನಾಲ್ಕನೆಯವರು ಮೂರಕ್ಕೆ ಸರಿಯುತ್ತಾರೆ. ಅದು ಮಾತ್ರ 'ಮೂರು ಆಯ್ತು' ಎಂದು ನಾಲ್ಕನೇ ಜಾಗಕ್ಕೆ ಹೋಗುತ್ತದೆ. ಸರಿದು ಬಂದವರನ್ನು ವಿಚಾರಿಸುವುದೇ ಇಲ್ಲ. 10, 20, 20, 30 ಎಂಬ ಪಟ್ಟಿಯಿಂದ ಹೀಗೆ 20 ಇದ್ದದ್ದನ್ನೆಲ್ಲ ತೆಗೆಯಹೋದರೆ 10, 20, 30 ಉಳಿಯುತ್ತದೆ. ನಿಮ್ಮ ಮನೆಯ ಕಾಲೇಜು ಹುಡುಗರಿಗೆ ಹೇಳಿ ನೋಡಿ, ಎರಡು ನಿಮಿಷದ ಕೆಲಸ.

ಜಾವಾದಲ್ಲಾದರೆ ಸಾಮಾನ್ಯವಾಗಿ ಇಂಥ ಕಡೆ ಎರರ್ ಕೊಟ್ಟು ನಿಂತುಬಿಡುತ್ತದೆ. ಪೈಥಾನ್ ಲಿಸ್ಟ್ ಸುಮ್ಮನೆ ಮುಂದೆ ಹೋಗುತ್ತದೆ. ಅದರ ಅಧಿಕೃತ ಪಾಠದಲ್ಲೇ ಈ ಎಚ್ಚರಿಕೆ ಇದೆ, ನಾವು ಓದಿರಲಿಲ್ಲ.

ಈಗ ಹಳೆಯ ಪಟ್ಟಿಯನ್ನು ಮುಟ್ಟುವುದಿಲ್ಲ. ಉಳಿಯಬೇಕಾದವರನ್ನಷ್ಟೇ ಹೊಸ ಪಟ್ಟಿಗೆ ಬರೆಯುತ್ತೇವೆ. ಕೊನೆಯಿಂದ ಹಿಂದಕ್ಕೆ ಎಣಿಸುತ್ತಾ ಅಳಿಸಿದರೂ ಆಗುತ್ತದೆ, ಆದರೆ ನಮಗೆ ಧೈರ್ಯ ಸಾಲದು. ಕಳಿಸುವ ಮೊದಲು ಒಬ್ಬರು ಪುಸ್ತಕ ಹಿಡಿದು ಗಟ್ಟಿಯಾಗಿ ಹೆಸರು ಓದುತ್ತಾರೆ.

ಆ ಮನೆಗೆ ಹೋಗಿ ತಪ್ಪಾಯಿತು ಎಂದೆವು. ಅಕ್ಕ ಕಾಫಿ ಕೊಟ್ಟರು. ನಂಬರು ಅಳಿಸುತ್ತೇವೆ ಎಂದಾಗ ತಡೆದರು: "ನಂಬರು ಇರಲಿ. ಹೆಸರು ಮಗಂದು ಹಾಕಿ. ಹೊಳೆ ಬಂದ್ರೆ ನಮಗೂ ಗೊತ್ತಾಗ್ಬೇಕಲ್ಲ."