ಮದುವೆಯ ಕಾರು

ಅಕ್ಕನ ಮಗಳ ಮದುವೆ ನಿಶ್ಚಯವಾದ ಮೇಲೆ ನೆಂಟರೆಲ್ಲ ಒಂದು ಭಾನುವಾರ ಸೇರಿ ಕೆಲಸಗಳನ್ನು ಹಂಚಿಕೊಂಡೆವು. ಛತ್ರ, ಅಡಿಗೆಯವರು, ಓಲಗ, ಪುರೋಹಿತರು ಎಲ್ಲವೂ ಅನುಭವಸ್ಥರ ಪಾಲಾದವು. ಹಣದ ಚೀಲ ನನ್ನ ಹೆಂಡತಿಯ ಕೈಗೆ ಹೋಯಿತು. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಕಾರು. “ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ ತಾನೆ? ಮನೆಯಿಂದ ಛತ್ರಕ್ಕೂ ಅವನೇ ಕರೆತರಲಿ” ಎಂದು ಹುಡುಗಿಯ ದೊಡ್ಡತ್ತೆ ತೀರ್ಪು ಕೊಟ್ಟರು. ಕಾರು ಓಡಿಸುವುದು ಹಾಗಿರಲಿ, ಕಾರಿನ ಬಾಗಿಲನ್ನು ಒಂದೇ ಏಟಿಗೆ ಮುಚ್ಚಲು ಬಾರದವನು ನಾನು. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಆ ಗಳಿಗೆಯಿಂದ ನನ್ನ ತಲೆಯೊಳಗೆ ಒಂದು ದೊಡ್ಡ ಕಾರು ಓಡಾಡತೊಡಗಿತು.

ನಮ್ಮ ಕಾಲದಲ್ಲಿ ಈ ಆಯ್ಕೆಯ ಕಷ್ಟವೇ ಇರಲಿಲ್ಲ. 1989ರಲ್ಲಿ ಅಕ್ಕನ ಮದುವೆಗೆ ಬಂದದ್ದು ಅಂಬಾಸಿಡರ್. ಬೇರೆ ಏನು ತಾನೇ ಬರಬೇಕಿತ್ತು? ಹಿಂದೆ ಐದು ಜನ, ಮುಂದಿನ ಉದ್ದ ಸೀಟಿನಲ್ಲಿ ಡ್ರೈವರನ್ನು ಬಾಗಿಲಿಗೆ ಒತ್ತಿ ಇನ್ನು ನಾಲ್ಕು ಜನ, ತೊಡೆಯ ಮೇಲೆ ಎಷ್ಟು ಮಕ್ಕಳೋ ಲೆಕ್ಕವಿಲ್ಲ. 14 ಅಡಿ ಉದ್ದದ ಆ ಕಾರಿನಲ್ಲಿ ಒಂದು ವಂಶವೇ ಬಂದಿಳಿಯುತ್ತಿತ್ತು. 2014ರಲ್ಲಿ ಅದರ ತಯಾರಿಕೆ ನಿಂತಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹಿಂದಿನ ಸೀಟೇ. ಈಗಿನ ಹುಡುಗರಿಗೆ ಅದು ಸಿನಿಮಾದಲ್ಲಿ ಮಂತ್ರಿಗಳು ಇಳಿಯುವ ಬಿಳಿ ಗಾಡಿ, ಅಷ್ಟೆ.

ಬಾಡಿಗೆ ಕಾರಿನ ಏಜೆಂಟರಲ್ಲಿಗೆ ಹೋಗುವಾಗ ಹುಡುಗಿಯೂ ಜೊತೆಗೆ ಬಂದಳು. ಆತ ನಮ್ಮನ್ನು ಕೂರಿಸಿ, ಮೊಬೈಲಿನಲ್ಲಿ ಒಂದಾದ ಮೇಲೊಂದು ಚಿತ್ರ ತೋರಿಸತೊಡಗಿದ, ಹಿಂದೆ ಸೀರೆ ಅಂಗಡಿಯವರು ಸೆರಗು ಬಿಡಿಸಿ ತೋರಿಸುತ್ತಿದ್ದ ಹಾಗೆ. ಮೊದಲು ಬಂದದ್ದು ತಲೆ ತೆರೆದ ಹಳೆಯ ಕಾಲದ ಕಾರು. ನನಗೆ ಮೈಸೂರು ಅರಮನೆಯ ರೋಲ್ಸ್‌ರಾಯ್ಸುಗಳ ನೆನಪಾಯಿತು. ನಮ್ಮ ಮಹಾರಾಜರು ಅವನ್ನು ಏಳೇಳರಂತೆ ಕೊಳ್ಳುತ್ತಿದ್ದರೆಂದು ಮೈಸೂರಿನ ಮುದುಕರು ಇಂದಿಗೂ ಹೇಳಿಕೊಂಡು ಸಂತೋಷಪಡುತ್ತಾರೆ. ಒಂದನ್ನು ನಾಲ್ಕು ಗಂಟೆಯ ಮಟ್ಟಿಗೆ ಬಾಡಿಗೆಗೆ ಹಿಡಿದರೂ ಆ ವೈಭವದ ಒಂದು ಎಳೆ ನಮ್ಮ ಮೇಲೂ ಬಿದ್ದೀತು ಎಂದುಕೊಂಡೆ.

“ಇದರಲ್ಲಿ ಹಿಂದೆ ಎಷ್ಟು ಜನ ಕೂರಬಹುದು?” ಎಂದು ಹುಡುಗಿ ಕೇಳಿದಳು.

“ಮೇಡಂ, ಆರಾಮವಾಗಿ ಇಬ್ಬರು. ಆದರೆ ಏ.ಸಿ. ಇಲ್ಲ. ಗಾಳಿಗೆ ಜಡೆ ಕೆದರಬಹುದು. ನಿಧಾನವಾಗಿ ಹೋಗಬೇಕು. ಸಿಗ್ನಲಿನಲ್ಲಿ ಎಂಜಿನ್ ನಿಂತರೆ ಸ್ವಲ್ಪ ತಳ್ಳಬೇಕಾದೀತು.”

ಪಂಚೆ ಶಲ್ಯದಲ್ಲಿ ಕಾರು ತಳ್ಳುವ ಸೋದರಮಾವನನ್ನು ಮನಸ್ಸಿನಲ್ಲಿ ಕಂಡು ನಾನು ಚಿತ್ರವನ್ನು ಸರಿಸಿದೆ.

ಆಮೇಲೆ ಬಂದದ್ದು ನನ್ನ ತಲೆಯೊಳಗೆ ಓಡಾಡುತ್ತಿದ್ದ ಕಾರೇ. ಕಪ್ಪು ಬಣ್ಣ, ಜರ್ಮನಿಯ ಮೂಲ, ಉದ್ದ 17 ಅಡಿ. ಹಿಂದೆ ಕೂತವರು ಕಾಲು ಚಾಚಿ ಮಲಗಬಹುದು. ಇಬ್ಬರಿಗೂ ಬೇರೆ ಬೇರೆ ಟೀವಿ. ನಮ್ಮ ಮನೆ ತ್ಯಾಗರಾಜನಗರದಲ್ಲಿ, ಛತ್ರ ಗಾಂಧಿ ಬಜಾರಿನ ಹಿಂದೆ. ಎರಡು ಕಿಲೋಮೀಟರಿಗೆ ಯಾರು ಕಾಲು ಚಾಚುತ್ತಾರೆ, ಯಾವ ಟೀವಿ ನೋಡುತ್ತಾರೆ? ಆದರೆ ಈ ವಿವೇಕ ನನಗೆ ಆಗ ಹೊಳೆಯಲಿಲ್ಲ. ಕಾರು ನಿಂತಾಗ ಬೀಗರ ಹುಬ್ಬು ಎಷ್ಟು ಮೇಲೇರುವುದೆಂಬುದೊಂದೇ ನನ್ನ ಲೆಕ್ಕ. ಬಾಡಿಗೆಯೋ, ನನ್ನ ಒಂದು ತಿಂಗಳ ಪಿಂಚಣಿಗೆ ಹೆಚ್ಚು ಕಡಿಮೆ ಸರಿ. 40 ಕಿಲೋಮೀಟರು ಓಡಿಸಲು ನಮಗೆ ಹಕ್ಕಿತ್ತು. ಉಳಿದ 38ನ್ನು ಏನು ಮಾಡುವುದೆಂದು ಕೇಳಿದ್ದಕ್ಕೆ ಏಜೆಂಟ್ ನಕ್ಕ.

“ಹಿಂದೆ ಎಷ್ಟು ಜನ?” ಎಂದು ಹುಡುಗಿ ಮತ್ತೆ ಕೇಳಿದಳು.

“ಇಬ್ಬರೇ ಮೇಡಂ. ನಡುವೆ ಇಷ್ಟಗಲ ಮೇಜಿನ ಹಾಗೆ ಬರುತ್ತೆ. ಅದನ್ನು ತೆಗೆಯೋಕಾಗಲ್ಲ.”

“ಹಾಗಾದರೆ ಬೇಡ ಮಾಮ.”

ನನಗೆ ಸಿಟ್ಟೇ ಬಂತು. ಇಬ್ಬರು ಸಾಲದೆ? ಹುಡುಗಿ ಒಬ್ಬಳು, ಅವಳ ಪಕ್ಕದಲ್ಲಿ ನನ್ನ ಹೆಂಡತಿ. ಭಾನುವಾರವೇ ತೀರ್ಮಾನವಾದ ಸಂಗತಿ ಅದು. ಮುಂದೆ ತೆಂಗಿನಕಾಯಿ ಹಿಡಿದುಕೊಂಡು ನಾನು. ಮೂರನೆಯವರು ಯಾರು? ಗೆಳತಿಯರಿಗೆ ಬೇರೆ ವಾಹನವಿತ್ತು.

ಏಜೆಂಟ್ ಅಷ್ಟಕ್ಕೇ ಬಿಡುವವನಲ್ಲ. ಸ್ವರ ತಗ್ಗಿಸಿ, “ಸಾರ್, ಬಿಳಿ ಬೋರ್ಡಿನದೇ ಒಂದಿದೆ. ಹಳದಿ ಬೋರ್ಡು ಫೋಟೋದಲ್ಲಿ ಟ್ಯಾಕ್ಸಿ ಅಂತ ಗೊತ್ತಾಗಿಬಿಡುತ್ತೆ” ಎಂದ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ, ಸ್ವಂತದ್ದಕ್ಕೆ ಬಿಳಿ ಹಲಗೆ. ಬಿಳಿ ಹಲಗೆಯ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ದಾರಿಯಲ್ಲಿ ಏನಾದರೂ ಆದರೆ ವಿಮೆಯವರು ಕೈತೊಳೆದುಕೊಳ್ಳಬಹುದು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿದವನಿಗೆ ಇಷ್ಟಾದರೂ ಗೊತ್ತಿರಬೇಡವೆ? ಆದರೂ ಸತ್ಯ ಹೇಳುತ್ತೇನೆ, ಒಂದು ಕ್ಷಣ ನನ್ನ ಮನಸ್ಸು ಬಿಳಿ ಹಲಗೆಯ ಕಡೆಗೆ ವಾಲಿತು. ಬೀಗರು ಅದನ್ನು ಸ್ವಂತದ್ದೆಂದು ತಿಳಿದರೆ ತಿಳಿಯಲಿ ಎಂಬ ದುರಾಸೆ. ಕೆಲವರು ಹಲಗೆಯ ಮೇಲೆ ವಧೂವರರ ಹೆಸರು ಅಂಟಿಸಿ ನಂಬರನ್ನೇ ಮುಚ್ಚಿಬಿಡುತ್ತಾರೆ. ಅದೂ ತಪ್ಪೇ. ಮದುವೆಯ ದಿನ ಪೋಲೀಸರೂ ನಮ್ಮ ನೆಂಟರೇ ಎಂದು ಭಾವಿಸುವ ಜನ ನಾವು.

ಏನನ್ನೂ ಗೊತ್ತುಮಾಡದೆ ಮನೆಗೆ ಬಂದೆವು. ಅಕ್ಕ ನಡುಮನೆಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದಳು. ಕಾರಿನ ಕಥೆ ಕೇಳಿ ನಕ್ಕು, “ಯಾವುದಾದರೂ ತೊಗೊಳ್ಳೋ. ನಾನಂತೂ ಮಧ್ಯಾಹ್ನವೇ ಅಡಿಗೆಯವರ ವ್ಯಾನಿನಲ್ಲಿ ಹೋಗಿರ್ತೀನಿ. ಉಗ್ರಾಣ ನೋಡ್ಕೊಳ್ಳೋರು ಒಬ್ಬರು ಬೇಕಲ್ಲ” ಎಂದಳು.

ಹುಡುಗಿ ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವಳು ಹೋದ ರೀತಿ ನೋಡಿದಾಗ ನನಗೆ ಆ ಮೂರನೆಯ ಸೀಟು ಯಾರದೆಂದು ತಿಳಿಯಿತು.

ಭಾವನವರು ತೀರಿಕೊಂಡು ಆಗ ಆರು ವರ್ಷ. ಅಕ್ಕನಿಗೆ ಯಾರೂ ಏನೂ ಹೇಳಿರಲಿಲ್ಲ. ಈಗ ಯಾರು ಹೇಳುತ್ತಾರೆ? ಎಲ್ಲರೂ ಓದಿದವರು. ಭಾನುವಾರ ಕೆಲಸ ಹಂಚುವಾಗ ಆರತಿಗೆ ಇವರಿರಲಿ, ಹುಡುಗಿಯ ಜೊತೆ ಕಾರಿನಲ್ಲಿ ಇವಳಿರಲಿ ಎಂದು ಮುತ್ತೈದೆಯರ ಹೆಸರುಗಳನ್ನು ಹೇಳುತ್ತ ಹೋದೆವು. ಅಕ್ಕನ ಹೆಸರು ಬರಬೇಕಾದಲ್ಲಿ ಬರಲಿಲ್ಲ. ಅದನ್ನು ಗಮನಿಸಿ, ತಾನಾಗಿಯೇ ಉಗ್ರಾಣ ಎಂದವಳು ಅವಳು. ಎಷ್ಟು ಒಳ್ಳೆಯವಳು, ಜವಾಬ್ದಾರಿಯೆಲ್ಲ ತಾನೇ ಹೊತ್ತಳು ಎಂದು ನಾವೆಲ್ಲ ಹೊಗಳಿದೆವು. ನಾನೂ ಹೊಗಳಿದೆ. ಬೀಗರ ಹುಬ್ಬಿನ ಎತ್ತರವನ್ನು ಅಳೆಯುತ್ತಿದ್ದ ನನಗೆ ಇದು ಕಾಣಲೇ ಇಲ್ಲ.

ಮರುದಿನ ಇಬ್ಬರೂ ಮತ್ತೆ ಏಜೆಂಟರಲ್ಲಿಗೆ ಹೋದೆವು. ಈ ಸಲ ಮೊದಲ ಪ್ರಶ್ನೆ ನಾನೇ ಹಾಕಿದೆ: “ಹಿಂದೆ ಮೂರು ಜನ ಕೂರುವಂಥದು, ಹಳದಿ ಬೋರ್ಡಿನದು, ಯಾವುದಿದೆ?” ಆತನ ಮುಖ ಕೊಂಚ ಬಾಡಿತು. ಜರ್ಮನಿಯದೇ ಇನ್ನೊಂದನ್ನು ತೋರಿಸಿದ, ಒಂದು ದರ್ಜೆ ಕೆಳಗಿನದು. “ನಡುವೆ ಕೂತವರಿಗೆ ಕಾಲ ಕೆಳಗೆ ದಿಣ್ಣೆ ಸಿಗುತ್ತೆ ಸಾರ್. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಸಲಾಕೆ ಅಲ್ಲೇ ಹಾದುಹೋಗೋದು” ಎಂದು ಎಚ್ಚರಿಸಿದ. “ನಡುವೆ ನಾನು ಕೂರ್ತೀನಿ” ಎಂದಳು ಹುಡುಗಿ. ಆ ಉದ್ದನೆಯ ಕಪ್ಪು ಕಾರಿಗಾಗಿ ನನ್ನ ಹೊಟ್ಟೆಯಲ್ಲಿ ಸಣ್ಣದೊಂದು ನೋವು ಆಗಲಿಲ್ಲವೆಂದರೆ ಸುಳ್ಳಾದೀತು.

ಬೆಂಗಳೂರಿನಲ್ಲಿ ಈಚೆಗೆ ಎಷ್ಟೋ ಮನೆಗಳಲ್ಲಿ ಆರತಕ್ಷತೆ ಧಾರೆಗಿಂತ ಮುಂಚೆ, ಹಿಂದಿನ ಸಂಜೆಯೇ ಮುಗಿದುಹೋಗುತ್ತದೆ. ನಮ್ಮಲ್ಲೂ ಹಾಗೆಯೇ. ಐದು ಗಂಟೆಗೆ ಕಾರು ಬಂತು. ಬಣ್ಣಕ್ಕೆ ಟೇಪು ಅಂಟಿಸಕೂಡದೆಂದು ಡ್ರೈವರ್ ಹಠ ಹಿಡಿದದ್ದರಿಂದ ಸುಗಂಧರಾಜದ ಹಾರವನ್ನು ದಾರದಲ್ಲೇ ಬಿಗಿದೆವು. ಅಕ್ಕ ವ್ಯಾನಿನಲ್ಲಿ ಹೋಗಿರಲಿಲ್ಲ. ಹೋಗಲು ಅವಳ ಮಗಳು ಬಿಟ್ಟಿರಲಿಲ್ಲ. ಒಳಗೆ ಇಬ್ಬರಿಗೂ ಏನು ಮಾತಾಯಿತೋ, ಹೊರಗೆ ಬಂದಾಗ ಅಕ್ಕನ ಕಣ್ಣು ಕೆಂಪಾಗಿತ್ತು, ಹಸಿರು ರೇಷ್ಮೆಸೀರೆ ಉಟ್ಟಿದ್ದಳು. ನನ್ನ ಹೆಂಡತಿ ಬಲಗಡೆಯಿಂದ ಹತ್ತಿದಳು. ಹುಡುಗಿ ಎಡಗಡೆಯಿಂದ ಹತ್ತಿ, ಕಾಲನ್ನು ದಿಣ್ಣೆಯ ಆಚೆಗೊಂದು ಈಚೆಗೊಂದು ಇಟ್ಟು ನಡುವೆ ಕೂತಳು. ಕೊನೆಗೆ ಅಕ್ಕ, ಎಡಗಡೆಯ ಬಾಗಿಲಿಗೆ.

ದಾರಿಯಲ್ಲಿ ಹಂಪು ಬಂದಾಗಲೆಲ್ಲ ಡ್ರೈವರ್ ಕಾರನ್ನು ಓರೆಯಾಗಿ, ಬಸುರಿ ಹೆಂಗಸನ್ನು ಮೆಟ್ಟಿಲಿಳಿಸುವ ಹಾಗೆ ಇಳಿಸುತ್ತಿದ್ದ. ಅದರ ಹೊಟ್ಟೆಗೂ ನೆಲಕ್ಕೂ ಒಂದು ಗೇಣೂ ಇರಲಿಲ್ಲ. ಎರಡು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಯಾರೂ ಮಾತಾಡಲಿಲ್ಲ. ನಾನು ತೆಂಗಿನಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ನೋಡುತ್ತ ಕೂತಿದ್ದೆ.

ಛತ್ರದ ಬಾಗಿಲಿಗೆ ಎಡಗಡೆಯಾಗಿ ಕಾರು ನಿಂತಿತು. ಮೆಟ್ಟಿಲ ಮೇಲೆ ಆರತಿಯ ತಟ್ಟೆ ಹಿಡಿದ ಹೆಂಗಸರು, ನಡುವೆ ದೊಡ್ಡತ್ತೆ, ಆ ಪಕ್ಕದಲ್ಲಿ ಬೀಗರು. ಆಗಲೇ ನನಗೆ ಹೊಳೆದದ್ದು, ಅಕ್ಕ ಇಳಿಯದೆ ಹುಡುಗಿ ಇಳಿಯುವಂತಿರಲಿಲ್ಲ. ಅಕ್ಕನಿಗೂ ಹೊಳೆದಿರಬೇಕು. “ನೀನು ಈ ಕಡೆಯಿಂದ ದಾಟಿ ಮೊದಲು ಇಳಿಯೇ” ಎಂದು ಮೆಲ್ಲಗೆ ಅಂದಳು. “ಆಗಲ್ಲಮ್ಮ, ಸೀರೆ ಸಿಕ್ಕಿಹಾಕಿಕೊಳ್ಳುತ್ತೆ” ಎಂದಳು ಮಗಳು.

ನಾನು ಇಳಿದು ಹಿಂದಿನ ಬಾಗಿಲು ತೆರೆದೆ. ಅಕ್ಕ ಕಾಲು ಹೊರಗಿಟ್ಟಳು. ದೊಡ್ಡತ್ತೆಯ ಕೈಯಲ್ಲಿದ್ದ ತಟ್ಟೆ ಒಂದು ಕ್ಷಣ ಅಲ್ಲೇ ನಿಂತಿತು. ಓಲಗದವರಿಗೆ ಇದೆಲ್ಲ ಏನು ಗೊತ್ತು? ಕಾರಿನ ಬಾಗಿಲು ತೆರೆದದ್ದು ಕಂಡಿತು, ಊದಿಯೇಬಿಟ್ಟರು. ಡೋಲು ಶುರುವಾದ ಮೇಲೆ ತಟ್ಟೆಯೂ ತಾನಾಗಿ ಮೇಲೆದ್ದಿತು. ಅಕ್ಕ ಅದನ್ನು ನೋಡಲಿಲ್ಲ. ಅವಳು ಹಿಂದಕ್ಕೆ ತಿರುಗಿ ಬಗ್ಗಿ, ಬಾಗಿಲಿನ ಸಂದಿಗೆ ಸಿಕ್ಕಿಕೊಂಡಿದ್ದ ಮಗಳ ಸೀರೆಯ ಅಂಚನ್ನು ಬಿಡಿಸುತ್ತಿದ್ದಳು.