ಗಣಕಯಂತ್ರಲೋಕದ ಅಂಕಿತನಾಮಗಳು

ನಾಮಪದಗಳು ರೂಢ, ಅನ್ವರ್ಥ, ಅಂಕಿತ ಎಂದು ಮೂರು ಬಗೆ. ನದಿ, ಬೆಟ್ಟ, ಮರ ಎಂಬವು ರೂಢಿಯಿಂದ ನಿಂತ ಹೆಸರುಗಳು. ವ್ಯಾಪಾರಿ, ವಿದ್ವಾಂಸ, ಯೋಗಿ ಎಂಬವು ವೃತ್ತಿಯನ್ನೋ ಗುಣವನ್ನೋ ಅನುಸರಿಸಿ ಬಂದ ಅನ್ವರ್ಥಗಳು. ಕಾವೇರಿ, ಸಹ್ಯಾದ್ರಿ, ಭೀಮಣ್ಣ ಎಂಬವು ಗುರುತಿಗಾಗಿ ಇಟ್ಟುಕೊಂಡ ಅಂಕಿತಗಳು. ಕೇಶಿರಾಜನ ಕಾಲದಿಂದಲೂ ನಡೆದುಬಂದ ಈ ವಿಭಾಗವನ್ನು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಹೇಳಿಕೊಡುತ್ತ ನಾನು ಮೂವತ್ತು ವರ್ಷಗಳನ್ನು ಸಮೀಪಿಸಿದ್ದೇನೆ. ಪಾಠ ಹಳೆಯದೇ, ಆದರೆ ಉದಾಹರಣೆಗಳನ್ನು ಮಕ್ಕಳು ತಾವೇ ತರತೊಡಗಿದ ಮೇಲೆ ಅದಕ್ಕೊಂದು ಹೊಸ ಕಳೆ ಬಂದಿದೆ. ಹಳೆಯ ವಿದ್ಯಾರ್ಥಿಗಳ ಔದಾರ್ಯದಿಂದ ಶಾಲೆಗೆ ಗಣಕಯಂತ್ರಗಳ ಕೊಠಡಿಯೊಂದು ಒದಗಿದಂದಿನಿಂದ ಬ್ಲೂಟೂತ್, ವೈಫೈ, ಈಥರ್‌ನೆಟ್, ಯುಎಸ್‌ಬಿ ಎಂಬ ಮಾತುಗಳು ವ್ಯಾಕರಣದ ತರಗತಿಗೂ ನುಗ್ಗಿವೆ. ಯಂತ್ರಕ್ಕೂ ಯಂತ್ರಕ್ಕೂ ಸಂಬಂಧ ಕಲ್ಪಿಸುವ ಈ ಸಾಧನಗಳ ಹೆಸರುಗಳಲ್ಲಿ ಯಾವುದು ರೂಢ, ಯಾವುದು ಅನ್ವರ್ಥ, ಯಾವುದು ಅಂಕಿತ?

ಒಕ್ಕಲುತನದ ಮನೆಯಿಂದ ಬಂದ ಹುಡುಗನೊಬ್ಬ, ವೈಫೈ ಎಂದರೆ ‘ವೈರ್‌ಲೆಸ್ ಫಿಡೆಲಿಟಿ’ ಎಂದು ಕಂಠಪಾಠ ಮಾಡಿಕೊಂಡಿದ್ದ. ನಿಘಂಟನ್ನು ತೆರೆದು ‘ಫಿಡೆಲಿಟಿ’ ಎಂಬುದಕ್ಕೆ ನಿಷ್ಠೆ ಎಂಬ ಅರ್ಥವನ್ನು ಕಂಡು ನನ್ನಲ್ಲಿಗೆ ಬಂದ. “ಗುರುಗಳ, ವೈರ್ ಇಲ್ಲಂತ ಗೊತ್ತಾತ್ರಿ, ನಿಷ್ಠಾ ಯಾರಿಗ್ರಿ?” ಎಂದ. ನಾನು ನಕ್ಕೆ, ಅವನು ನಗಲಿಲ್ಲ. “ಇಂಗ್ಲಿಷ್ ಸಾಲಿಯವ್ರಿಗೆ ಗೊತ್ತಿರತೈತ್ರಿ, ನಮಗ ತಿಳಿಯಂಗಿಲ್ಲ” ಎಂದು ತಲೆ ತಗ್ಗಿಸಿದ. ಆ ಮಾತು ನನ್ನನ್ನು ಬಹುದಿನ ಕಾಡಿತು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಲ್ಲಿ ಇಂಥದೊಂದು ಅಳುಕು ಮನೆಮಾಡಿಕೊಂಡಿದೆ: ಪ್ರತಿಯೊಂದು ಪರಕೀಯ ಹೆಸರಿನೊಳಗೂ ಒಂದು ಅರ್ಥ ಬಚ್ಚಿಟ್ಟಿದೆ, ಅದರ ಕೀಲಿಕೈ ಅನ್ಯರ ಬಳಿಯಲ್ಲಿದೆ ಎಂದು. ಹಾಗಾದರೆ ಆ ಪೆಟ್ಟಿಗೆಯಲ್ಲಿ ಏನಿದೆಯೆಂದು ನೋಡಿಯೇಬಿಡೋಣವೆಂದು ನಾನು ಹೊರಟೆ.

ವೈಫೈ ಪೆಟ್ಟಿಗೆ ಬರಿದಾಗಿತ್ತು! ೧೯೯೯ರಲ್ಲಿ ಕೆಲವು ಉದ್ಯಮಗಳು ಕೂಡಿ ತಂತಿಯಿಲ್ಲದ ಸಂಪರ್ಕದ ಪ್ರಚಾರಕ್ಕಾಗಿ ಒಂದು ಕೂಟವನ್ನು ಕಟ್ಟಿಕೊಂಡವು. ಅವರ ಕೈಯಲ್ಲಿದ್ದ ಶಾಸ್ತ್ರೀಯ ಹೆಸರು ‘ಐಇಇಇ ೮೦೨.೧೧ಬಿ’. ಅಂಗಡಿಗೆ ಹೋಗಿ ಯಾರು ತಾನೇ ಇದನ್ನು ಕೇಳಿಯಾರು? ಆದುದರಿಂದ ಹೆಸರು ಕಟ್ಟುವುದನ್ನೇ ವೃತ್ತಿಯಾಗಿಸಿಕೊಂಡ ಇಂಟರ್‌ಬ್ರ್ಯಾಂಡ್ ಎಂಬ ಸಂಸ್ಥೆಗೆ ಹಣ ಕೊಟ್ಟು ಹೆಸರು ಮಾಡಿಸಿದರು. ಧ್ವನಿಮುದ್ರಣದ ಲೋಕದಲ್ಲಿ ಆಗಲೇ ಜನಪ್ರಿಯವಾಗಿದ್ದ ‘ಹೈಫೈ’ಗೆ ಪ್ರಾಸವಾಗಿ ‘ವೈಫೈ’ ಹುಟ್ಟಿತು. ಪ್ರಾಸವಲ್ಲದೆ ಅದರಲ್ಲಿ ಮತ್ತೇನೂ ಇರಲಿಲ್ಲ. ಆದರೆ ಅರ್ಥವಿಲ್ಲದ ಹೆಸರನ್ನು ಒಪ್ಪಲು ಕೂಟದ ಕೆಲವರಿಗೇ ಮನಸ್ಸು ಬಾರದೆ, ‘ವೈರ್‌ಲೆಸ್ ಫಿಡೆಲಿಟಿ’ ಎಂಬ ಮಾತನ್ನು ಹೆಸರಿನ ಬಾಲಕ್ಕೆ ಕೆಲಕಾಲ ಅಂಟಿಸಿದರು. ಮುಂದೆ ತಾವೇ ಕಿತ್ತುಹಾಕಿದರು. ಹೆಸರನ್ನು ಆರಿಸಿದವರಲ್ಲಿ ಒಬ್ಬರಾದ ಫಿಲ್ ಬೆಲಾಂಜರ್ ಎಂಬವರು, ಇದು ಯಾವುದರ ಸಂಕ್ಷೇಪವೂ ಅಲ್ಲವೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ಕಿತ್ತ ಬಾಲವನ್ನು ಮಾತ್ರ ಜಗತ್ತು ಇನ್ನೂ ಬಾಯಿಪಾಠ ಮಾಡುತ್ತಲಿದೆ. ಅನ್ವರ್ಥದ ವೇಷ ತೊಟ್ಟ ಅಂಕಿತನಾಮವೆಂದು ಇದನ್ನು ಕರೆಯಬಹುದು. ಆ ಹುಡುಗನನ್ನು ಕರೆದು ಇದನ್ನೆಲ್ಲ ವಿವರಿಸಿದಾಗ ಅವನ ಮುಖ ಅರಳಿದ್ದನ್ನು ಹೇಗೆ ಬಣ್ಣಿಸಲಿ! “ಹಂಗಾರ ಅವರಿಗೂ ಗೊತ್ತಿಲ್ಲೇನ್ರೀ?” ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ.

ಅರ್ಥವುಳ್ಳ ಹೆಸರನ್ನೇ ಏಕೆ ಇಡಬಾರದು ಎಂದು ವಾಚಕರು ಕೇಳಬಹುದು. ಕಾನೂನೇ ಅಡ್ಡ ನಿಲ್ಲುತ್ತದೆ. ವಸ್ತುವಿನ ಗುಣವನ್ನಷ್ಟೇ ಹೇಳುವ ಮಾತು ಎಲ್ಲರ ಸೊತ್ತು. ಅಕ್ಕಿಯ ವರ್ತಕನು ‘ಅಕ್ಕಿ’ ಎಂಬ ಶಬ್ದವನ್ನು ತನ್ನದೆಂದು ಬೇಲಿ ಹಾಕಿಕೊಳ್ಳಲಾಗದು. ನಮ್ಮ ದೇಶದ ೧೯೯೯ರ ವ್ಯಾಪಾರ ಚಿಹ್ನೆಗಳ ಕಾಯಿದೆಯೂ, ದೀರ್ಘ ಬಳಕೆಯಿಂದ ವಿಶಿಷ್ಟತೆ ಪಡೆದ ಹೊರತು, ಗುಣವಾಚಕವಾದ ಹೆಸರಿಗೆ ನೋಂದಣಿ ಕೊಡುವುದಿಲ್ಲ. ಅರ್ಥ ಎಷ್ಟು ದೂರವೋ ಒಡೆತನ ಅಷ್ಟು ಭದ್ರ. ಅಂಕಿತವೆಂಬ ಶಬ್ದಕ್ಕೆ ನಮ್ಮಲ್ಲಿ ಮುದ್ರೆ ಎಂಬ ಅರ್ಥವೂ ಉಂಟಷ್ಟೆ. ವಚನದ ಕೊನೆಯ ಅಂಕಿತವನ್ನು ಕಂಡೊಡನೆ ಅದು ಬಸವಣ್ಣನವರದೋ ಅಲ್ಲಮಪ್ರಭುಗಳದೋ ಎಂದು ಅರಿಯುತ್ತೇವೆ. ವ್ಯಾಪಾರಿಯ ಮುದ್ರೆಯೂ ಗುರುತಿಗೇ. ಆದರೆ ಅಲ್ಲಿ ಅರ್ಪಣೆಯ ಭಾವವಿಲ್ಲ, ಬೇಲಿಯಿದೆ.

ಬ್ಲೂಟೂತ್ ಎಂಬ ಹೆಸರು ಉಳಿದದ್ದೂ ಈ ಬೇಲಿಯ ದೆಸೆಯಿಂದಲೇ. ಇದರ ಕಥೆ ಬಹು ಸ್ವಾರಸ್ಯವಾದುದು. ಕ್ರಿಸ್ತಶಕ ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಹೆರಾಲ್ಡ್ ಎಂಬ ದೊರೆ ಆಳುತ್ತಿದ್ದ. ಯೆಲಿಂಗ್ ಎಂಬ ಊರಿನಲ್ಲಿ ಅವನು ತಂದೆತಾಯಿಗಳ ನೆನಪಿಗೆ ನಿಲ್ಲಿಸಿದ ಶಾಸನಶಿಲೆಯಲ್ಲಿ, ಡೆನ್ಮಾರ್ಕನ್ನೆಲ್ಲ ಗೆದ್ದವನು, ನಾರ್ವೆಯನ್ನೂ ಗೆದ್ದವನು ಎಂದು ತನ್ನನ್ನು ಹೇಳಿಕೊಂಡಿದ್ದಾನೆ. ಅವನಿಗೆ ‘ಬ್ಲೋಟಾಂಡ್’ ಎಂಬ ಅಡ್ಡಹೆಸರು, ಎಂದರೆ ನೀಲಿಹಲ್ಲಿನವನು. ಬಾಯಲ್ಲೊಂದು ಸತ್ತ ಹಲ್ಲು ಕಪ್ಪಿಟ್ಟಿದ್ದಿರಬೇಕೆಂದು ಊಹೆ. ಅವರ ಹಳೆಯ ಭಾಷೆಯಲ್ಲಿ ನೀಲಿಯೆಂಬ ಶಬ್ದ ಕಪ್ಪಿಗೂ ಸಲ್ಲುತ್ತಿತ್ತಂತೆ. ನೀಲ ಕೃಷ್ಣಗಳಿಗೆ ಭೇದವೆಣಿಸದ ನಮ್ಮ ಕವಿಸಮಯವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಸಾವಿರ ವರ್ಷಗಳ ತರುವಾಯ, ೧೯೯೦ರ ದಶಕದ ಉತ್ತರಾರ್ಧದಲ್ಲಿ, ಇಂಟೆಲ್, ಎರಿಕ್ಸನ್, ನೋಕಿಯಾ ಸಂಸ್ಥೆಗಳು ಅಲ್ಪದೂರದ ರೇಡಿಯೋ ಸಂಪರ್ಕಕ್ಕಾಗಿ ತಮ್ಮ ತಮ್ಮ ದಾರಿಯಲ್ಲಿ ಶ್ರಮಿಸುತ್ತಿದ್ದವು. ಎರಿಕ್ಸನ್ನಿನ ಸ್ವೆನ್ ಮ್ಯಾಟಿಸನ್ ಅವರೂ ಇಂಟೆಲ್ಲಿನ ಜಿಮ್ ಕಾರ್ಡಾಕ್ ಅವರೂ ಕೆಲಸದ ನಡುವೆ ಇತಿಹಾಸದ ಮಾತಿಗೆ ತೊಡಗಿದರು. ಹೆರಾಲ್ಡನ ಕಾಲದ ವೈಕಿಂಗರನ್ನು ಕುರಿತು ಸ್ವೀಡನ್ನಿನ ಬೆಂಗ್ಟ್ಸನ್ ಬರೆದ ಕಾದಂಬರಿ ಆ ಮಾತಿನಲ್ಲಿ ಬಂತು. ಕಾರ್ಡಾಕರು ಮುಂದೆ ವೈಕಿಂಗರ ಇತಿಹಾಸವನ್ನೂ ಓದಿದರು. ಬೇರೆ ಬೇರೆ ನಾಡುಗಳನ್ನು ಒಂದುಗೂಡಿಸಿದ ದೊರೆಯ ಹೆಸರು ಬೇರೆ ಬೇರೆ ಯಂತ್ರಗಳನ್ನು ಕೂಡಿಸುವ ಕಾರ್ಯಕ್ಕೆ ತಕ್ಕುದೆಂದು ಅವರಿಗೆ ತೋರಿತು. ಅದು ತಾತ್ಕಾಲಿಕವಾಗಿ ಇಟ್ಟ ಹೆಸರು. ೧೯೯೮ರಲ್ಲಿ ಲೋಕಕ್ಕೆ ಸಾರುವ ಹೊತ್ತಿಗೆ ‘ಪ್ಯಾನ್’ ಎಂಬುದನ್ನೋ ‘ರೇಡಿಯೋವೈರ್’ ಎಂಬುದನ್ನೋ ಇಡಬೇಕೆಂದಿತ್ತು. ಮೊದಲನೆಯದು ಆಗಲೇ ಅಸಂಖ್ಯ ಕಡೆಗಳಲ್ಲಿ ಬಳಕೆಯಲ್ಲಿದ್ದುದರಿಂದ ಬೇಲಿಗೆ ಒಗ್ಗಲಿಲ್ಲ. ಎರಡನೆಯದರ ಶೋಧನೆ ವೇಳೆಗೆ ಮುಗಿಯಲಿಲ್ಲ. ಅನ್ವರ್ಥಗಳೆರಡೂ ಬಿದ್ದುಹೋಗಿ ಅಡ್ಡಹೆಸರೇ ಪಟ್ಟವೇರಿತು. ಅದರ ಲಾಂಛನವೂ ಅಷ್ಟೇ ಚೆಲುವಾದುದು: ಹೆರಾಲ್ಡ್ ಬ್ಲೋಟಾಂಡ್ ಎಂಬುದರ ಮೊದಲಕ್ಷರಗಳೆರಡನ್ನು ಪ್ರಾಚೀನ ರೂನ್ ಲಿಪಿಯಲ್ಲಿ ಒಂದೇ ಕಂಬಕ್ಕೆ ಹೊಂದಿಸಿ ಬರೆದಿದ್ದಾರೆ. ನಮ್ಮ ಒತ್ತಕ್ಷರದ ಬಂಧುವೆಂದು ಮಕ್ಕಳಿಗೆ ತೋರಿಸುತ್ತೇನೆ.

ನಮ್ಮ ವಿಜ್ಞಾನದ ಅಧ್ಯಾಪಕ ಮಿತ್ರರು ಇದನ್ನು ಕೇಳಿ, “ಹಾಗಾದರೆ ಪಂಡಿತರೇ, ಕನ್ನಡದಲ್ಲಿ ನೀಲದಂತವೆನ್ನೋಣವೆ?” ಎಂದು ವಿನೋದವಾಡಿದರು. ಅಂಕಿತವನ್ನು ಅನುವಾದಿಸಬಾರದೆಂದೆ. “ಇಂಗ್ಲಿಷಿನವರು ಅನುವಾದಿಸಿದ್ದಾರಲ್ಲ!” ಎಂದು ಅವರು ಬಿಡಲಿಲ್ಲ. ಮಾತು ಸರಿಯೇ. ಆದರೆ ಇಂಗ್ಲಿಷಿಗೆ ಬಂದಾಗ ಅದು ದೊರೆಯ ಬಿರುದು. ಬಿರುದು ಅನ್ವರ್ಥ, ಅದನ್ನು ಅನುವಾದಿಸಲು ಬಾಧಕವಿಲ್ಲ. ಯಂತ್ರದ ಮೇಲೆ ಮುದ್ರೆಯೊತ್ತಿದ ಕ್ಷಣದಲ್ಲಿ ಅದು ಅಂಕಿತವಾಯಿತು. ಇನ್ನು ನೀಲದಂತವೆಂದರೆ ಮಕ್ಕಳು ದಂತವೈದ್ಯರನ್ನು ಹುಡುಕಿಕೊಂಡು ಹೋದಾರು.

ಈಥರ್‌ನೆಟ್ಟಿನ ಮಾತು ಬೇರೆ. ಬೆಳಕಿನ ಅಲೆಗಳು ಚಲಿಸಲು ‘ಈಥರ್’ ಎಂಬ ಸರ್ವವ್ಯಾಪಿ ದ್ರವ್ಯವಿರಬೇಕೆಂದು ಪಾಶ್ಚಾತ್ಯ ವಿಜ್ಞಾನಿಗಳು ನಂಬಿದ್ದರು. ಶಬ್ದಕ್ಕೆ ಆಶ್ರಯವಾದ ಆಕಾಶವೆಂದು ನಮ್ಮ ತಾರ್ಕಿಕರು ಹೇಳುವ ದ್ರವ್ಯದ ದೂರದ ನೆಂಟನಂತೆ ಇದು ಕಾಣುತ್ತದೆ. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ನಡೆಸಿದ ಪ್ರಯೋಗದಲ್ಲಿ ಅದರ ಸುಳಿವೇ ಸಿಕ್ಕಲಿಲ್ಲ. ಕ್ರಮೇಣ ವಿಜ್ಞಾನ ಅದನ್ನು ಕೈಬಿಟ್ಟಿತು. ಆದರೆ ೧೯೭೩ರ ಮೇ ೨೨ರಂದು ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್, ಎಲ್ಲ ಯಂತ್ರಗಳಿಗೂ ಸಂದೇಶ ಹೊತ್ತೊಯ್ಯುವ ತಂತಿಗೆ ಆ ಸತ್ತ ತತ್ತ್ವದ ಹೆಸರನ್ನೇ ಬರೆದಿಟ್ಟರು. ಲೋಕದಲ್ಲಿ ಇಲ್ಲವೆಂದು ಸಿದ್ಧವಾದ ವಸ್ತು ಹೆಸರಿನಲ್ಲಿ ಬದುಕಿಕೊಂಡಿತು.

ನನಗೆ ಅತ್ಯಂತ ಪ್ರಿಯವಾದುದು ಯುಎಸ್‌ಬಿ. ೧೯೯೬ರಲ್ಲಿ ಬಂದ ಇದರ ಪೂರ್ಣರೂಪ ‘ಯೂನಿವರ್ಸಲ್ ಸೀರಿಯಲ್ ಬಸ್’. ಮುದ್ರಣಯಂತ್ರಕ್ಕೊಂದು, ಕೀಲಿಮಣೆಗೊಂದು ಎಂದು ಬಗೆಬಗೆಯ ಕಿಂಡಿಗಳಿದ್ದ ಕಾಲದಲ್ಲಿ ಎಲ್ಲಕ್ಕೂ ಒಂದೇ ಕಿಂಡಿ ಸಾಕೆಂದು ಇದನ್ನು ಮಾಡಿದರು. ಆ ಕಾರ್ಯದಲ್ಲಿ ಮುಂದಾಳಾಗಿದ್ದವರಲ್ಲಿ ಭಾರತಸಂಜಾತರಾದ ಅಜಯ್ ಭಟ್ ಒಬ್ಬರು. ಈ ‘ಬಸ್’ ನಮ್ಮೂರಿಗೆ ಬರುವ ಬಸ್ಸೇ? ಹೌದು, ಮೂಲ ಒಂದೇ. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಬಸ್’ ಎಂದರೆ ‘ಎಲ್ಲರಿಗಾಗಿ’. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಸಾರ್ವಜನಿಕರ ಗಾಡಿಗೆ ಆ ಹೆಸರು ಬಂತು. ಮುಂದೆ ಹಲವು ಸಂಪರ್ಕಗಳಿಗೆ ಸಾಮಾನ್ಯವಾದ ವಿದ್ಯುತ್ ಪಟ್ಟಿಗೂ, ಅಲ್ಲಿಂದ ಗಣಕಯಂತ್ರದೊಳಗಿನ ಸಂದೇಶಪಥಕ್ಕೂ ಸಂದಿತು. ಬಳಕೆಯಲ್ಲಿ ‘ಓಮ್ನಿ’ ಎಂಬ ಪ್ರಕೃತಿ ಉದುರಿಹೋಗಿ ‘ಬಸ್’ ಎಂಬ ಚತುರ್ಥೀ ಬಹುವಚನದ ಪ್ರತ್ಯಯ ಮಾತ್ರ ಉಳಿಯಿತು! ಆ ಪ್ರತ್ಯಯವಾದರೂ ಯಾರು? ಸಂಸ್ಕೃತದ ‘ಸರ್ವೇಭ್ಯಃ’ ಎಂಬಲ್ಲಿನ ‘ಭ್ಯಃ’ಕ್ಕೆ ಸೋದರ ಸಂಬಂಧಿ. ಪ್ರಕೃತಿಯಿಲ್ಲದೆ ಪ್ರತ್ಯಯ ನಿಲ್ಲದೆಂದು ಪಾಠಶಾಲೆಯಲ್ಲಿ ಗುರುಗಳು ನನಗೆ ಹೇಳಿಕೊಟ್ಟಿದ್ದರು. ಇಲ್ಲಿ ಬರಿಯ ಪ್ರತ್ಯಯ ಊರೂರು ತಿರುಗುತ್ತಿದೆ. ಈ ಒಂದು ನಿರ್ವಚನಕ್ಕಾಗಿ ನಾನು ತರಗತಿಯ ಪೂರ್ಣ ಅವಧಿಯನ್ನೇ ವ್ಯಯಮಾಡುತ್ತೇನೆ. ಮಕ್ಕಳೂ ಗಂಟೆ ಬಾರಿಸಿದರೆ ಏಳುವುದಿಲ್ಲ.

ಇಷ್ಟು ಒಳ್ಳೆಯ ಅನ್ವರ್ಥವನ್ನು ಪಡೆದವರೇ ಮುಂದೆ ಅದನ್ನು ಕೆಡಿಸಿಕೊಂಡರೆಂಬುದು ನನ್ನ ಅಭಿಪ್ರಾಯ. ೨೦೦೮ರಲ್ಲಿ ಬಂದ ಮೂರನೆಯ ಆವೃತ್ತಿಯನ್ನು ೩.೦ ಎಂದರು. ೨೦೧೩ರಲ್ಲಿ ಹೊಸದು ಬರಲು ಹಳೆಯದನ್ನೇ ‘೩.೧ ಜೆನ್ ೧’ ಎಂದರು. ೨೦೧೭ರ ಆವೃತ್ತಿ ಬಂದ ಮೇಲೆ ಅದೇ ವಸ್ತುವನ್ನು ‘೩.೨ ಜೆನ್ ೧’ ಎಂದರು. ಮೂರು ಸಲ ನಾಮಕರಣವಾದರೂ ಕೂಸಿನ ವೇಗ ಮೊದಲಿನಂತೆ ಸೆಕೆಂಡಿಗೆ ೫ ಗಿಗಾಬಿಟ್ಟೇ. ಕಡೆಗೆ ೨೦೨೨ರಲ್ಲಿ, ಕೊಳ್ಳುವವರಿಗೆ ಇಂಥ ಅಂಕಿಗಳನ್ನು ತೋರಿಸದೆ ವೇಗವನ್ನಷ್ಟೇ ನಮೂದಿಸಿರೆಂದು ಆ ಕೂಟವೇ ತಯಾರಕರಿಗೆ ತಿಳಿಸಿತು. ವೈಫೈ ಕೂಟದವರು ೨೦೧೮ರಲ್ಲಿಯೇ ಜಾಣತನ ತೋರಿ, ೮೦೨.೧೧ರ ಮುಂದಿನ ಅಕ್ಷರಗಳ ಗೊಂದಲವನ್ನು ಬದಿಗಿಟ್ಟು ವೈಫೈ ೪, ವೈಫೈ ೫, ವೈಫೈ ೬ ಎಂದು ನೇರವಾಗಿ ಎಣಿಸತೊಡಗಿದ್ದರು.

ಗಣಕಕೊಠಡಿಯ ಗೋಡೆಗೆ ಕನ್ನಡದಲ್ಲಿ ಒಂದು ಪದಪಟ್ಟಿ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ಕೀಲಿಮಣೆ, ಮುದ್ರಕ, ಜಾಲ, ಕಡತ ಮೊದಲಾದ ರೂಢ, ಅನ್ವರ್ಥಗಳನ್ನು ಕನ್ನಡಿಸಿ ಒಂದು ಸಾಲಿನಲ್ಲಿ ಬರೆದೆ. ಬ್ಲೂಟೂತ್, ವೈಫೈ, ಈಥರ್‌ನೆಟ್, ಯುಎಸ್‌ಬಿಗಳನ್ನು ಇದ್ದ ಹಾಗೆಯೇ ಇನ್ನೊಂದು ಸಾಲಿನಲ್ಲಿಟ್ಟು, ಮೇಲೆ ‘ಅಂಕಿತನಾಮಗಳು’ ಎಂದು ತಲೆಬರಹ ಕೊಟ್ಟೆ. ‘ವೈರ್‌ಲೆಸ್ ಫಿಡೆಲಿಟಿ’ ಎಂದು ಪಕ್ಕದಲ್ಲಿ ಬರೆಯಬೇಕೆಂದು ಒಬ್ಬರು ಸೂಚಿಸಿದರು. ಬೇಡವೆಂದು ಮೊದಲು ಹೇಳಿದವನು ಆ ಹುಡುಗ.