ಇಳಕಲ್ಲಿನ ಕೆಂಪು ಸೆರಗು

ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವವರು ದಾರಿಯಲ್ಲಿ ಅಮೀನಗಡದ ಕರದಂಟು ಕೊಳ್ಳದೆ ಮುಂದೆ ಹೋಗಬಾರದು. ನಾವು ಕೊಂಡದ್ದು ಹುನಗುಂದ ಬರುವಷ್ಟರಲ್ಲೇ ಖಾಲಿ!

ಹೊರಟಿದ್ದು ಮಾತ್ರ ಸೀರೆಗೆ. ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಹುಡುಗಿ ಎಣ್ಣೆಗಪ್ಪು. "ಕಪ್ಪಿಗೆ ತಿಳಿ ಬಣ್ಣವೇ ಸರಿ" ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳಿ ಹೇಳಿ, ಕೆಂಪು ಕಂಡರೆ ಹಿಂದೆ ಸರಿಯುತ್ತಾಳೆ.

ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದಾದರೂ ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿ ಚಿತ್ತಾರ. ಇದಕ್ಕೆ ಟೋಪ್ ತೆನಿ ಅಂತಾರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಒಂದೊಂದಾಗಿ ಸೇರಿಸುತ್ತಾರೆ, ಎಂಥ ತಾಳ್ಮೆ! ಆ ಕಡೆಯ ಹೆಂಗಸರು ಸೆರಗನ್ನು ತಲೆಯ ಮೇಲೆ ಹೊದೆಯುವುದರಿಂದ ಆ ಕೆಂಪು ಮುಖದ ಪಕ್ಕಕ್ಕೇ ಬರುತ್ತದೆ. ಬಿಸಿಲಲ್ಲಿ ದುಡಿದ ಕಪ್ಪು ಮುಖಗಳಿಗೆ ಅದು ಎಷ್ಟು ಕಳೆ ಕೊಡುತ್ತದೆಂದು ಬಸ್‌ಸ್ಟ್ಯಾಂಡಿನಲ್ಲೇ ಕಂಡೆವು.

ನೇಯುವವರ ಮನೆಯ ಅಜ್ಜಿ, "ಟ್ಯೂಬ್‌ಲೈಟಿನ್ಯಾಗ ಬಣ್ಣ ತಿಳಿಯಂಗಿಲ್ಲವ್ವಾ, ಹೊರಗ ಬಾ" ಎಂದು ಹುಡುಗಿಯನ್ನು ಅಂಗಳಕ್ಕೆ ಕರೆದರು. ತಿಳಿಗುಲಾಬಿ ಒಡಲನ್ನು ಕೊರಳಿಗೆ ಹಿಡಿದರೆ ಮುಖಕ್ಕೆ ಬೂದಿ ಬಳಿದಂತಾಯಿತು. ದಾಳಿಂಬೆ ಕೆಂಪು ಹಿಡಿದಾಗ ಕಣ್ಣು, ಹಲ್ಲು ಎಲ್ಲ ಬೆಳಗಿದವು.

ನೀವೂ ಹೀಗೇ ಮಾಡಿ. ಹಗಲು ಬೆಳಕಿನಲ್ಲಿ ಕೊರಳಿಗೆ ಹಿಡಿದು ಸೀರೆಯನ್ನಲ್ಲ, ಮುಖವನ್ನು ನೋಡಿ. ಮುಖ ಬಾಡಿದರೆ ಬಿಟ್ಟುಬಿಡಿ. ಮನಸ್ಸಿಗೆ ಬಂದ ಸೀರೆ ಮುಖಕ್ಕೆ ಒಪ್ಪದಿದ್ದರೆ ಕುಪ್ಪಸದ ಬಣ್ಣ ಬದಲಿಸಿ ನೋಡಿ. ಕೊರಳಿಗೆ ಹತ್ತಿರವಿರುವುದು ಅದೇ ತಾನೇ?

"ಇಷ್ಟು ಕೆಂಪಾ ಅಂತ ನಿಮ್ಮಮ್ಮ ಕೇಳಿದರೇನೇ?" ಅಂದೆ. ಅವಳಾಗಲೇ ಜೋಡಿಗೆ ಗುಳೇದಗುಡ್ಡದ ಖಣ ಎಲ್ಲಿ ಸಿಗುತ್ತದೆಂದು ಅಜ್ಜಿಯನ್ನು ವಿಚಾರಿಸುತ್ತಿದ್ದಳು.